ಸೊಸೆಯ ಈರುಳ್ಳಿ ಸಿಪ್ಪೆ, ಮಾವನ ಪ್ರಯೋಗ

ನನ್ನ ಸೊಸೆ ಮೂತ್ರಪಿಂಡ ಕತ್ತರಿಸುವವಳು. ಯಾರು ಕೇಳಿದರೂ ನಾನು ಹೀಗೇ ಹೇಳುವುದು. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಸರಿಯಲಿ ಬಿಡಿ. ಕುತೂಹಲ ಇದ್ದವರು ತಾವಾಗಿಯೇ ಮತ್ತೆ ಹತ್ತಿರ ಬರುತ್ತಾರೆ, ಆಗ ಮಿಕ್ಕಿದ್ದನ್ನು ಹೇಳುತ್ತೇನೆ. ನನ್ನ ಮಗನದು ಬೇರೆ ರಾಗ. "ಲ್ಯಾಬಲ್ಲಿ ಕೆಲಸ" ಎಂದು ಎರಡು ಮಾತಲ್ಲಿ ಮುಗಿಸಿಬಿಡುತ್ತಾನೆ. ಬಸ್ಸು ಓಡಿಸುವವನಿಗೆ ಮಾತು ಕಡಿಮೆ, ಹಾರ್ನ್ ಜಾಸ್ತಿ. ನನಗೆ ಅದು ಹಿಡಿಸುವುದಿಲ್ಲ. ಅಷ್ಟು ದೊಡ್ಡ ಕೆಲಸವನ್ನು ಇಷ್ಟು ಚಿಕ್ಕದು ಮಾಡಿ ಹೇಳಬಾರದು.

ಕೆಲಸ ಏನೆಂದರೆ ಇದು. ಮೆಡಿಕಲ್ ಕಾಲೇಜಿನ ಹಿಂದಿನ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಬಾಗಿಲು ತೆಗೆದರೆ ಸಾಕು, ಫಾರ್ಮಲಿನ್ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಅವಳಿಗೆ ಬರುವುದಿಲ್ಲ, ರೂಢಿಯಾಗಿದೆ. ಆಪರೇಷನ್ ಥಿಯೇಟರಿನಿಂದಲೋ, ಇಲಿಗಳನ್ನು ಸಾಕುವ ಕೆಳಗಿನ ಕೋಣೆಯಿಂದಲೋ ಬಂದ ಚೂರನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಸ್ಪಿರಿಟ್‌ನಲ್ಲಿ ಅದರ ನೀರೆಲ್ಲ ತೆಗೆದು, ಕರಗಿದ ಮೇಣದಲ್ಲಿ ಕೂರಿಸಿ ಪುಟ್ಟ ಅಚ್ಚು ಮಾಡುತ್ತಾಳೆ. ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು ತಣ್ಣಗೆ ಮಾಡಿ ಯಂತ್ರಕ್ಕೆ ಸಿಕ್ಕಿಸುತ್ತಾಳೆ. ಯಂತ್ರಕ್ಕೆ ಒಂದು ಕಡೆ ಚಕ್ರ, ಒಂದು ಕಡೆ ಬ್ಲೇಡು. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಪದರ. ತಲೆಕೂದಲನ್ನು ಉದ್ದಕ್ಕೆ ಇಪ್ಪತ್ತಾಗಿ ಸೀಳಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ತೆಳು. ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುತ್ತವೆ. ಅದನ್ನು ಬ್ರಶ್ಶಿನ ತುದಿಯಲ್ಲಿ ಎತ್ತಿ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟಕೂಡಲೇ ಗಾಜಿನ ಪಟ್ಟಿಯನ್ನು ಕೆಳಗಿನಿಂದ ತಂದು ಹಿಡಿದುಕೊಳ್ಳುತ್ತಾಳೆ. ಆಮೇಲೆ ಬಣ್ಣ ಹಾಕಬೇಕು. ಬಣ್ಣ ಕುಳಿತ ಮೇಲೆ ಡಾಕ್ಟರುಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ಇಂಥ ಕಾಯಿಲೆ ಎನ್ನುತ್ತಾರೆ. ಪದರ ದಪ್ಪವಾದರೆ, ಹರಿದರೆ, ಮಡಿಚಿಕೊಂಡರೆ ಎಂಥ ಡಾಕ್ಟರಿಗೂ ಏನೂ ಕಾಣುವುದಿಲ್ಲ.

ಮೇಣ ತೀರಾ ತಣ್ಣಗಾದರೆ ಪದರ ಸುರುಳಿ ಸುತ್ತಿಕೊಳ್ಳುತ್ತದಂತೆ. ಆಗ ಅವಳು ಬಗ್ಗಿ ಅಚ್ಚಿನ ಮೇಲೆ ಮೆಲ್ಲಗೆ ಒಂದು ಉಸಿರು ಬಿಡುತ್ತಾಳೆ. ಎಷ್ಟು ಉಸಿರು, ಎಷ್ಟು ದೂರದಿಂದ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಲಿಯುವುದಕ್ಕೆ ಅವಳಿಗೆ ವರ್ಷಗಳೇ ಹಿಡಿದವು.

ಮಗ ಅವಳನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದಾಗ ನಮ್ಮ ಯಜಮಾನರು ಅವಳ ಅಪ್ಪ ಯಾರು, ಅಮ್ಮ ಯಾರು ಎಂದು ಕೇಳಲಿಲ್ಲ. ನಮ್ಮ ಯಜಮಾನರು ಟೈಲರ್. ಇನ್ನು ಮುಂದೆ ಇವರು ಎಂದರೆ ಅವರೇ ಎಂದು ತಿಳಿದುಕೊಳ್ಳಿ, ನನ್ನ ಬಾಯಿಗೆ ಅದೇ ರೂಢಿ. ನೀನು ಏನಮ್ಮ ಮಾಡೋದು ಎಂದು ಇವರು ಕೇಳಿದರು, ಕತ್ತರಿಸ್ತೀನಿ ಎಂದಳು. ಏನನ್ನ ಎಂದರು. ಕಿಡ್ನಿ, ಲಿವರ್, ಏನು ಬಂದರೆ ಅದು ಎಂದಳು. ನನ್ನ ಕೈಯಲ್ಲಿದ್ದ ಚಹಾದ ತಟ್ಟೆ ಅಲ್ಲಾಡಿತು. ಇವರು ಮಾತ್ರ ಕುರ್ಚಿ ಮುಂದಕ್ಕೆಳೆದುಕೊಂಡು, ಎಷ್ಟು ತೆಳ್ಳಗೆ ಎಂದು ಕೇಳಿದರು. ಅವಳು ಹೇಳಿದಳು. ಇವರು ತಮ್ಮ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿಕೊಂಡು, ಇದರಲ್ಲಿ ಎಷ್ಟು ಪದರ ಆಗುತ್ತೆ ಎಂದರು. ಅವತ್ತು ಮಗ ಇವರಿಬ್ಬರ ಮಧ್ಯೆ ಒಂದು ಮಾತಾಡುವುದಕ್ಕೂ ಸಂದು ಸಿಗದೆ ಕುಳಿತಿದ್ದ. ಮದುವೆ ಅಲ್ಲಿಗೇ ನಿಶ್ಚಯವಾದ ಹಾಗೆ.

ಇವರಿಗೆ ಸಕ್ಕರೆ ಕಾಯಿಲೆ. ಮಗ ಶಾಲೆಗೆ ಹೋಗುತ್ತಿದ್ದ ಕಾಲದಿಂದ ಇದೆ. ಈಚೆಗೆ ಕೆಲವು ವರ್ಷಗಳಿಂದ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಕಿಡ್ನಿ ಸೋಸುವ ಕೆಲಸ ಬಿಟ್ಟು ಸೋರುವ ಕೆಲಸ ಶುರು ಮಾಡಿದೆ ಎಂದು ಕಿಡ್ನಿ ಡಾಕ್ಟರು ಹೇಳಿ, ಸಕ್ಕರೆಗೊಂದು, ರಕ್ತದೊತ್ತಡಕ್ಕೊಂದು, ಕಿಡ್ನಿಯ ರಕ್ಷಣೆಗೊಂದು ಎಂದು ಮಾತ್ರೆ ಕೊಟ್ಟಿದ್ದರು. ತಪ್ಪದೆ ನುಂಗಿದರೆ ಹೀಗೇ ವರ್ಷಗಟ್ಟಲೆ ದೂಡಬಹುದು, ತಪ್ಪಿದರೆ ಡಯಾಲಿಸಿಸ್ ಎಂದು ನನ್ನ ಕಡೆ ತಿರುಗಿ ಹೇಳಿದ್ದರು. ಗಂಡಸರಿಗೆ ಹೇಳಬೇಕಾದ್ದನ್ನು ಹೆಂಡತಿಗೆ ಹೇಳಬೇಕು ಎನ್ನುವಷ್ಟು ಬುದ್ಧಿ ಆ ಡಾಕ್ಟರಿಗಿತ್ತು. ವಾರಕ್ಕೆ ಮೂರು ಸಲ ಆ ಮೆಷಿನ್ನಿಗೆ ಕೈಕೊಟ್ಟು ಮಲಗುವುದೆಂದರೆ ಇವರ ಪಾಲಿಗೆ ಅಂಗಡಿ ಮುಚ್ಚಿದ ಹಾಗೆ, ಅಂಗಡಿ ಮುಚ್ಚಿದರೆ ಉಸಿರೇ ನಿಂತ ಹಾಗೆ. ಅದು ನನಗೂ ಗೊತ್ತು, ಇವರಿಗೂ ಗೊತ್ತು.

ಅಂಥ ಹೊತ್ತಿನಲ್ಲಿ ಸೊಸೆಯ ಲ್ಯಾಬಿಗೆ ಈರುಳ್ಳಿ ಸಿಪ್ಪೆ ಬಂತು.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಆಕೆಗೆ ಒಂದು ಪ್ರಶ್ನೆ ಇತ್ತು. ಅದನ್ನು ಸೊಸೆ ನಮಗೆ ಊಟದ ಹೊತ್ತಿನಲ್ಲಿ ಬಿಡಿಸಿ ಹೇಳಿದ್ದಳು. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಾಗಿ ಇದ್ದರೆ ಕಿಡ್ನಿಯ ಜೀವಕೋಶಗಳ ಒಳಗೆ ಆಮ್ಲಜನಕದ ಪುಂಡು ಕಣಗಳು ಹುಟ್ಟಿಕೊಳ್ಳುತ್ತವೆ. ಕಂಡಕಂಡದ್ದಕ್ಕೆ ತಗುಲಿಕೊಂಡು ಹಾಳು ಮಾಡುವುದೇ ಅವುಗಳ ಕೆಲಸ. ಮೈಯಲ್ಲಿ ಅವುಗಳನ್ನು ಅಡಗಿಸುವ ವ್ಯವಸ್ಥೆ ಇದೆ, ಆದರೆ ಪುಂಡರು ಹೆಚ್ಚಾಗಿ ಪೊಲೀಸರು ಕಡಿಮೆಯಾದರೆ ಏನಾಗುತ್ತದೋ ಅದೇ ಆಗುತ್ತದೆ. ಉತ್ಕರ್ಷಣದ ಒತ್ತಡ ಎಂದು ಅದಕ್ಕೆ ಹೆಸರು. ಕಬ್ಬಿಣ ತುಕ್ಕು ಹಿಡಿಯುವುದೂ ಇದೇ ಜಾತಿಯ ಕೆಲಸವಂತೆ. ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಪುಟ್ಟ ಗಂಟುಗಳಿವೆ, ಲಕ್ಷಗಟ್ಟಲೆ. ಅವು ಹೀಗೆ ಏಟು ತಿಂದು ತಿಂದು ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಇತ್ತ ಗಿಡಮರಗಳು ಬಿಸಿಲಿನಿಂದ, ಹುಳದಿಂದ ತಮ್ಮನ್ನು ಕಾಪಾಡಿಕೊಳ್ಳಲು ಫ್ಲೇವನಾಯ್ಡ್ ಎನ್ನುವ ವಸ್ತುಗಳನ್ನು ಮಾಡಿಕೊಳ್ಳುತ್ತವೆ. ನಾವು ಬಿಸಾಡುವ ಈರುಳ್ಳಿಯ ಒಣ ಸಿಪ್ಪೆಯಲ್ಲಿ ಅವು ಬೇಕಾದಷ್ಟಿವೆ. ಅದರ ಸಾರ ತೆಗೆದು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಕೊಟ್ಟರೆ ಕಿಡ್ನಿ ಹಾಳಾಗುವುದು ಕಡಿಮೆಯಾಗುತ್ತದೆಯೇ? ದೊಡ್ಡ ಮೇಡಂ ಅವರ ಪ್ರಶ್ನೆ ಇದು.

ಇವರು ಊಟ ಬಿಟ್ಟು ಕೇಳಿಸಿಕೊಂಡರು. ಹೊಸ ಗಿರಾಕಿಗೆ ಅಳತೆ ತೆಗೆಯುವಾಗ ಹೇಗೆ ಒಂದೊಂದೇ ಕೇಳುತ್ತಾರೋ ಹಾಗೆ ಕೇಳಿದರು. ಕೆಲವು ಇಲಿಗಳಿಗೆ ಕೊಟ್ಟು ಕೆಲವಕ್ಕೆ ಬರೀ ನೀರು ಕೊಡುವುದೇಕೆ? ಪಕ್ಕದಲ್ಲಿಟ್ಟು ಹೋಲಿಸದಿದ್ದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ ಎಂದಳು. ಕತ್ತರಿಸುವಾಗ ಯಾವ ಇಲಿಯದು ಎಂದು ನಿನಗೆ ಗೊತ್ತಿರುತ್ತದೆಯೇ? ಇಲ್ಲ, ಚೀಟಿಯ ಮೇಲೆ ಬರೀ ನಂಬರು, ಗುಂಪಿನ ಹೆಸರು ಮುಚ್ಚಿರುತ್ತದೆ, ನೋಡುವ ಮೇಡಂಗೂ ಗೊತ್ತಿರುವುದಿಲ್ಲ ಎಂದಳು. ಆ ಇಲಿಗಳಿಗೆ ಬೇರೆ ಮಾತ್ರೆ ಏನಾದರೂ ಕೊಡುತ್ತೀರಾ? ಕೊಡುವುದಿಲ್ಲ ಮಾವ, ಕೊಟ್ಟರೆ ಕೆಲಸ ಮಾಡಿದ್ದು ಸಿಪ್ಪೆಯೋ ಮಾತ್ರೆಯೋ ಎಂದು ಹೇಗೆ ಗೊತ್ತಾಗಬೇಕು ಎಂದಳು. ಇವರು ತಲೆ ಆಡಿಸಿ ಊಟ ಮುಂದುವರಿಸಿದರು.

ಪ್ರಯೋಗ ಮುಗಿಯುವ ಹೊತ್ತಿಗೆ ವರ್ಷ ಕಳೆದಿತ್ತು. ಚೀಟಿ ಬಿಚ್ಚಿ ನೋಡಿದರೆ, ಸಿಪ್ಪೆಯ ಸಾರ ಕುಡಿದ ಇಲಿಗಳ ಕಿಡ್ನಿ ಕುಡಿಯದವಕ್ಕಿಂತ ಚೆನ್ನಾಗಿತ್ತು. ಪೂರ್ತಿ ವಾಸಿಯಾಗಿರಲಿಲ್ಲ, ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. ದೊಡ್ಡ ಮೇಡಂ ಅದನ್ನು ಬರೆದು ವಿಜ್ಞಾನದ ಪತ್ರಿಕೆಗೆ ಕಳಿಸಿದರು, ಅಚ್ಚಾಯಿತು. ಬರೆದವರ ಹೆಸರುಗಳ ಸಾಲಿನಲ್ಲಿ ನನ್ನ ಸೊಸೆಯ ಹೆಸರೂ ಇತ್ತು. ಕೊನೆಯಲ್ಲಿ ಕೃತಜ್ಞತೆ ಎಂದು ಸಣ್ಣ ಅಕ್ಷರದಲ್ಲಿ ಹಾಕುತ್ತಾರಲ್ಲ, ಅಲ್ಲಲ್ಲ, ಮೇಲೆ, ಡಾಕ್ಟರುಗಳ ಜೊತೆಯಲ್ಲೇ. ಹಾಕಿಸಿದ್ದು ದೊಡ್ಡ ಮೇಡಂ. ಈ ಚಿತ್ರಗಳಿಲ್ಲದಿದ್ದರೆ ನನ್ನ ಮಾತು ನಂಬುವವರಾರು ಎಂದರಂತೆ. ಅವಳು ಕತ್ತರಿಸಿದ ಪದರದ ಫೋಟೊ ಅರ್ಧ ಪುಟ ಇತ್ತು. ನಾನು ಆ ಪುಟ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದ ಹಾಗೆ ಚೆನ್ನಾಗಿ ಅತ್ತೆ. ನಮ್ಮ ವಂಶದಲ್ಲಿ ಅಚ್ಚಾದ ಹೆಸರೆಂದರೆ ಇವರ ಅಂಗಡಿಯ ಬೋರ್ಡು ಮಾತ್ರ.

ಇವರು ಆ ಪುಟಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಒಂದು ಕಡೆ ಸೂಟು ತೊಟ್ಟ ಗಂಡಸಿನ ಚಿತ್ರ, ಇನ್ನೊಂದು ಕಡೆ ಕೋಟು ತೊಟ್ಟ ಗಂಡಸಿನ ಚಿತ್ರ, ನಡುವೆ ಇಲಿಯ ಕಿಡ್ನಿ. ಗಿರಾಕಿಗಳು ಇದ್ಯಾವ ಹೊಸ ಡಿಸೈನು ಎಂದು ಕೇಳುತ್ತಿದ್ದರು. ಕೇಳಿದರೋ ಕೆಟ್ಟರು. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಪುಂಡು ಕಣಗಳಿಂದ ಶುರು ಮಾಡಿದರೆ, ಪ್ಯಾಂಟಿನ ಅಳತೆ ಕೊಡಲು ಬಂದವರು ಫ್ಲೇವನಾಯ್ಡ್ ಕಲಿತುಕೊಂಡು ಹೋಗುತ್ತಿದ್ದರು. ಕೊನೆಯ ಮಾತು ಯಾವಾಗಲೂ ಒಂದೇ, "ಕತ್ತರಿಸಿದ್ದು ನನ್ನ ಸೊಸೆ." ಹೇಳುವಾಗ ಎದೆ ಎಷ್ಟು ಉಬ್ಬುತ್ತಿತ್ತೆಂದರೆ ಆ ಎದೆಗೆ ಇನ್ನೊಂದು ಅಳತೆಯ ಅಂಗಿ ಬೇಕು.

ಆ ದಿನಗಳಲ್ಲೇ ಕತ್ತರಿಸುವ ಮೇಜಿನ ಕೆಳಗೆ ಈರುಳ್ಳಿ ಸಿಪ್ಪೆಯ ಚೀಲ ಕಂಡಿತು. ನಾನು ಅದೇ ಅಂಗಡಿಯಲ್ಲಿ ಗುಂಡಿ ಹಾಕುವವಳು, ಅಂಚು ಹೊಲಿಯುವವಳು. ನನ್ನ ಕಣ್ಣು ತಪ್ಪಿಸಿ ಏನೂ ಬರುವುದಿಲ್ಲ. ಏನಿದು ಎಂದರೆ ಬಟ್ಟೆಗೆ ಬಣ್ಣ ಹಾಕಲು ಎಂದರು. ಸಿಪ್ಪೆ ಕುದಿಸಿದರೆ ಒಳ್ಳೆಯ ಜೇನು ಬಣ್ಣ ಬರುತ್ತದೆ, ನಿಜ. ಒಂದು ತುಂಡು ಹತ್ತಿಬಟ್ಟೆಗೆ ಹಾಕಿಯೂ ತೋರಿಸಿದರು. ಬಹಳ ಚೆನ್ನಾಗಿತ್ತು.

ಪಕ್ಕದ ಅಂಗಡಿ ಗಡಿಯಾರ ರಿಪೇರಿಯವರದು. ಅವರಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಹಳೆಯ ಸ್ನೇಹಿತರು, ಸಂಜೆ ಒಂದೇ ಬೆಂಚಿನ ಮೇಲೆ ಕೂತು ಸಕ್ಕರೆ ಇಲ್ಲದ ಚಹಾ ಕುಡಿದು ಲೋಕವನ್ನು ಬೈಯುವವರು. ಈಚೆಗೆ ಬೆಂಚಿನ ಮೇಲೆ ಇವರ ಲೋಟದಲ್ಲಿ ಕೆಂಪು ನೀರು, ಅವರ ಲೋಟದಲ್ಲಿ ಬರೀ ಬಿಸಿನೀರು ಇರುತ್ತಿತ್ತು. ಇಬ್ಬರೂ ಲೋಟ ಎತ್ತಿ ಒಬ್ಬರ ಮುಖ ಒಬ್ಬರು ಬಹಳ ಗಂಭೀರವಾಗಿ ನೋಡಿಕೊಂಡು ಕುಡಿಯುತ್ತಿದ್ದರು. ವಯಸ್ಸಾದ ಮೇಲೆ ಗಂಡಸರು ಮಕ್ಕಳಾಗುತ್ತಾರೆ ಎಂದುಕೊಂಡು ನಾನು ನನ್ನ ಸೂಜಿಗೆ ದಾರ ಪೋಣಿಸಿಕೊಂಡೆ.

ಕೆಲವು ವಾರ ಕಳೆಯಿತು. ಒಂದು ಮಧ್ಯಾಹ್ನ ಬಿಳಿ ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದೆ. ಬಿಳಿ ಗುಂಡಿಗಳ ಡಬ್ಬಿಗೆ ಕೈಹಾಕಿ ಒಂದು ತೆಗೆದು, ನೋಡದೆಯೇ ಸೂಜಿ ಚುಚ್ಚಿದೆ, ತೂತು ಸಿಗಲಿಲ್ಲ. ತಿರುಗಿಸಿದೆ, ಆ ಕಡೆಯೂ ಇಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ನಡುವೆ ಒಂದು ಗೆರೆ ಇದೆ, ಬೆರಳಿಗೆ ಬಿಳಿ ಪುಡಿ ಹತ್ತಿದೆ. ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನಮ್ಮ ಡಬ್ಬಿಯಲ್ಲಿ ಬೆಳ್ಳಗಿದ್ದದ್ದೆಲ್ಲ ಗುಂಡಿಯಲ್ಲ. ಅರ್ಧಕ್ಕರ್ಧ ಇವರ ಮಾತ್ರೆಗಳು. ತಲೆ ಎತ್ತಿ ನೋಡಿದರೆ ಇವರು ಮೆಷಿನ್ನಿನ ಮುಂದೆ ಕೂತು ಕಾಲಾಡಿಸುತ್ತಿದ್ದಾರೆ, ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹುದುಗಿಹೋಗಿದೆ. ಪಟ್ಟಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದೂ ಆಗಲೇ ಕಂಡಿತು.

ಬಾಯಿಗೆ ಬಂದದ್ದು ಬಯ್ದೆ. ಏನು ಬಯ್ದೆ ಎಂದು ಇಲ್ಲಿ ಹೇಳುವುದಿಲ್ಲ. ಗಿರಾಕಿಯೊಬ್ಬರು ಬಾಗಿಲ ತನಕ ಬಂದು ಹಾಗೇ ಹಿಂದಕ್ಕೆ ಹೋದರು. ಇವರು ತಪ್ಪು ಸಿಕ್ಕಿಬಿದ್ದವರ ಹಾಗೆ ಇರಲಿಲ್ಲ, ಅದು ನನ್ನನ್ನು ಇನ್ನೂ ಉರಿಸಿತು. ಶಾಂತವಾಗಿ, ಇದು ಪ್ರಯೋಗ ಎಂದರು. ಸಿಪ್ಪೆ ಕುಡಿಯುವವರು ಇವರು, ಹೋಲಿಸಲು ಬಿಸಿನೀರು ಕುಡಿಯುವವರು ಗಡಿಯಾರದವರು. ಇಲಿಗಳಿಗೆ ಮಾತ್ರೆ ಇರಲಿಲ್ಲ, ಆದ್ದರಿಂದ ಇಬ್ಬರೂ ಮಾತ್ರೆ ಬಿಟ್ಟಿದ್ದಾರೆ. ಮಾತ್ರೆ ನುಂಗಿದರೆ ಸೊಸೆಯ ಸಿಪ್ಪೆಯ ಹೆಸರು ಮಾತ್ರೆ ಹೊಡೆದುಕೊಂಡು ಹೋಗುತ್ತದೆ. ಎಲ್ಲ ಮುಗಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಅವಳ ಕೈಗೆ ಕೊಡಬೇಕು ಎಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಲೋಕದಲ್ಲಿ ನನ್ನ ಗಂಡನಿಗೆ ಮನೆಯ ಸಿಪ್ಪೆಯೇ ಮದ್ದಾಗಿತ್ತು. ಇವರು ಇಷ್ಟು ಶ್ರದ್ಧೆಯಿಂದ ಕೆಟ್ಟದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಸೊಸೆ ಬಂದಾಗ ನಾನು ಗುಂಡಿಯ ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಮಾತ್ರೆಗಳನ್ನು ಬೆರಳಿಂದ ಬೇರೆ ಮಾಡುತ್ತಾ ಇವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕೂಗಾಡಲಿಲ್ಲ. ಬಗ್ಗಿ ಇವರ ಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಕುಳಿ ಹಾಗೇ ನಿಂತಿತು.

"ಮಾವ, ಆ ಇಲಿಗಳೆಲ್ಲ ಈಗ ಎಲ್ಲಿವೆ ಅಂತ ನೀವು ಒಂದು ಸಲಾನೂ ಕೇಳಲಿಲ್ಲ" ಎಂದಳು.

"ಎಲ್ಲಿವೆಯಮ್ಮ?"

"ಒಂದೂ ಇಲ್ಲ. ಕಿಡ್ನಿ ನೋಡಬೇಕು ಅಂದ್ರೆ ಇಲಿನ ಸಾಯಿಸಲೇಬೇಕು. ಸಿಪ್ಪೆ ಕುಡಿದವನ್ನೂ, ಕುಡೀದೇ ಇದ್ದವನ್ನೂ. ಅಷ್ಟನ್ನೂ ಕತ್ತರಿಸಿದ್ದು ನಾನೇ. ನಿಮ್ಮ ಪ್ರಯೋಗ ಮುಗಿಸೋಕೆ ನನ್ನ ಕೈಲಿ ಆಗಲ್ಲ."

ಇವರ ಮುಖದ ಗೆಲುವು ಇಳಿಯಿತು. ಆಮೇಲೆ ತಾವಾಗಿಯೇ ಎದ್ದು ಆಸ್ಪತ್ರೆಗೆ ಹೋಗೋಣ ಎಂದರು.

ಕಿಡ್ನಿ ಡಾಕ್ಟರು ರಿಪೋರ್ಟು ನೋಡಿ ನನ್ನ ಕಡೆ ತಿರುಗಲಿಲ್ಲ, ಅದರಿಂದಲೇ ನನಗೆ ತಿಳಿಯಿತು. ರಕ್ತದಲ್ಲಿ ಕಸ ಏರಿತ್ತು, ರಕ್ತದೊತ್ತಡ ಏರಿತ್ತು, ಸಕ್ಕರೆಯ ಮಾತು ಕೇಳುವುದೇ ಬೇಡ. ಕಿಡ್ನಿ ಇಷ್ಟು ಬೇಗ ಇಳಿದಿದ್ದು ಏಕೆಂದು ರಕ್ತ ಪರೀಕ್ಷೆಯಿಂದ ತಿಳಿಯುವುದಿಲ್ಲ ಎಂದರು. ಗಂಟುಗಳೇ ಸತ್ತಿದ್ದರೆ ಡಯಾಲಿಸಿಸ್‌ಗೆ ಸಿದ್ಧವಾಗಬೇಕು. ಹಾಗಲ್ಲದೆ ಸುತ್ತ ಉರಿಯೂತ ಬಂದು ಊದಿಕೊಂಡಿದ್ದರೆ, ಕಷಾಯದಿಂದಲೋ ಇನ್ನೊಂದರಿಂದಲೋ, ಅದನ್ನು ಇಳಿಸಬಹುದು. ಯಾವುದೆಂದು ತಿಳಿಯಬೇಕಾದರೆ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಒಂದು ಎಳೆ ತೆಗೆದು ನೋಡಬೇಕು.

ತೆಗೆದರೆ ಅದು ಹೋಗುವುದು ಯಾರ ಮೇಜಿಗೆ? ಆ ಆಸ್ಪತ್ರೆಯ ಎಲ್ಲ ಎಳೆಗಳೂ ಹೋಗುವುದು ಅವಳ ಮೇಜಿಗೇ. ದೊಡ್ಡ ಮೇಡಂ ಅವಳನ್ನು ಕರೆದು, ಇನ್ನೊಂದು ಆಸ್ಪತ್ರೆಗೆ ಕಳಿಸುತ್ತೇನೆ, ಮನೆಯವರದನ್ನು ನೀನು ಮುಟ್ಟಬೇಕೆಂದಿಲ್ಲ ಎಂದರಂತೆ. ಅವಳು ಯೋಚನೆ ಮಾಡಿ ಹೇಳುತ್ತೇನೆ ಎಂದು ವಾರ್ಡಿಗೆ ಬಂದು ಇವರಿಗೇ ವಿಷಯ ತಿಳಿಸಿದಳು. ಹಾಸಿಗೆಯ ಮೇಲೆ ಇವರು ಆಸ್ಪತ್ರೆಯವರು ತೊಡಿಸಿದ ನಿಲುವಂಗಿಯ ಹೊಲಿಗೆಯನ್ನು ಬಯ್ಯುತ್ತಾ ಮಲಗಿದ್ದರು.

"ನಮ್ಮನೇಲಿ ಒಳ್ಳೇ ಕೈ ಇರೋವಾಗ ನನ್ನ ಬಟ್ಟೇನ ಕಂಡೋರಿಗೆ ಯಾಕಮ್ಮ ಕೊಡ್ಲಿ" ಎಂದರು.

ನಾನು ಅಳಬೇಕೋ ನಗಬೇಕೋ ತಿಳಿಯದೆ ನಿಲುವಂಗಿಯ ದಾರ ಕಟ್ಟಿದೆ.

ಎಳೆ ತೆಗೆದ ಮರುದಿನ ಬೆಳಿಗ್ಗೆ ದೊಡ್ಡ ಮೇಡಂ ನನ್ನನ್ನು ಲ್ಯಾಬಿನ ಮೂಲೆಯ ಸ್ಟೂಲಿನ ಮೇಲೆ ಕೂರಲು ಬಿಟ್ಟರು. ಉಸಿರಾಡಬಹುದು, ಮಾತಾಡಬಾರದು ಎಂದು ನಗುತ್ತಾ ಹೇಳಿದರು. ಇವರ ಎಳೆ ಆಗಲೇ ಮೇಣದಲ್ಲಿ ಕೂತಿತ್ತು. ನನ್ನ ಸೂಜಿಯ ದಾರದಷ್ಟೇ ದಪ್ಪ, ಉಗುರಿನಷ್ಟು ಉದ್ದ. ಮೇಲಿನ ಮೇಣ ಕೆರೆಯುವಾಗ ಕೈ ಒಂದಿಷ್ಟು ಹೆಚ್ಚು ಓಡಿದರೆ ಎಳೆಯೇ ಮಾಯ. ಆಮೇಲೆ ಮತ್ತೆ ಬೆನ್ನು, ಮತ್ತೆ ಸೂಜಿ. ಆ ವಯಸ್ಸಿನಲ್ಲಿ, ಆ ರಕ್ತದೊತ್ತಡದಲ್ಲಿ ಇನ್ನೊಮ್ಮೆ ಚುಚ್ಚಲು ಡಾಕ್ಟರಿಗೇ ಮನಸ್ಸಿರಲಿಲ್ಲ.

ಅಚ್ಚಿನ ಪಕ್ಕ ಚೀಟಿಯಲ್ಲಿ ಇವರ ಹೆಸರು ಬರೆದಿತ್ತು. ಸೊಸೆ ಕೈಗವಸು ಹಾಕಿಕೊಂಡು ಬಂದಳು, ಹೆಸರನ್ನು ನೋಡಿದಳು, ನಿಂತಳು. ಚಕ್ರದ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ದೊಡ್ಡ ಮೇಡಂ ಒಂದು ನಂಬರಿನ ಚೀಟಿ ತಂದು ಹೆಸರಿನ ಮೇಲೆ ಅಂಟಿಸಿದರು, ಇಲಿಗಳಿಗೆ ಅಂಟಿಸುವ ಅಂಥದ್ದೇ ಚೀಟಿ. ಯಾರದೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ, ಹೆಸರು ಮುಚ್ಚಿದ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

ಚಕ್ರ ತಿರುಗಿಸಿದಳು. ಮೊದಲು ಬರೀ ಮೇಣ ಬಂತು, ಮತ್ತೆ ಮೇಣ. ನಿಲ್ಲಿಸಿ ಅಚ್ಚನ್ನು ಬೆಳಕಿಗೆ ಓರೆ ಮಾಡಿ ನೋಡಿದಳು, ಮಂಜುಗಡ್ಡೆಯ ಮೇಲಿಟ್ಟಳು, ಮತ್ತೆ ಯಂತ್ರಕ್ಕೆ ಹಾಕಿದಳು. ಪದರದ ಅಂಚು ಸುರುಳಿಯಾಗತೊಡಗಿತು. ಆಗ ಬಗ್ಗಿ ಒಂದು ಉಸಿರು ಬಿಟ್ಟಳು. ನಾನು ನನ್ನ ಉಸಿರನ್ನು ಹಿಡಿದುಕೊಂಡಿದ್ದೆ. ರಿಬ್ಬನ್ ಇಳಿಯಿತು, ಒಂದೂ ಹರಿಯದೆ, ಒಂದೂ ಮಡಿಚಿಕೊಳ್ಳದೆ, ಒಂದೊಂದರ ನಡುವೆಯೂ ಆ ಪುಟ್ಟ ಎಳೆ ನೇರವಾಗಿ ಮಲಗಿತ್ತು. ನೀರಿನ ಮೇಲೆ ತೇಲಿಸಿ ಗಾಜಿಗೆ ಹಿಡಿದಳು. ಎಷ್ಟೋ ಜನರ ಮದುವೆಯ ಬಟ್ಟೆ ಕತ್ತರಿಸುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಇಂಥ ಕೈಯನ್ನು ಕಂಡಿರಲಿಲ್ಲ. ಇದು ನಮ್ಮ ಮನೆಯ ಕೈ ಎಂದು ಆ ಕೋಣೆಯಲ್ಲಿ ಕೂಗಿ ಹೇಳಬೇಕೆನಿಸಿತು, ಮಾತಾಡಬಾರದು ಎಂದಿದ್ದರಿಂದ ಸುಮ್ಮನಿದ್ದೆ.

ಬಣ್ಣ ಕುಳಿತ ಮೇಲೆ ದೊಡ್ಡ ಮೇಡಂ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಕರೆದರು. ಕಣ್ಣಿಟ್ಟರೆ ಗುಲಾಬಿ ಬಣ್ಣದ ಬಯಲು, ಅಲ್ಲಲ್ಲಿ ದುಂಡನೆಯ ಗಂಟುಗಳು. ಕೆಲವು ಮುದ್ದೆಯಾಗಿ ಗಟ್ಟಿ ಕೆಂಪಾಗಿದ್ದವು. ಇವು ಹೋದವು ಎಂದರು. ಕೆಲವು ಅರ್ಧ ತುಂಬಿದ್ದವು. ಉಳಿದವು ಇನ್ನೂ ಬಿಡಿಬಿಡಿಯಾಗಿ, ಒಳಗೆ ಬೆಳಕು ಹಾಯುವ ಹಾಗಿದ್ದವು. ಅವೇ ಹೆಚ್ಚು. ಸುತ್ತ ಊತ ಇತ್ತು, ಹೊಸದು, ಇಳಿಯಬಹುದಾದದ್ದು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಸೊಸೆ ನನ್ನ ಹಿಂದೆ ನಿಂತು ಭುಜ ಹಿಡಿದುಕೊಂಡಿದ್ದಳು. ನಾನು ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ.

ಡಾಕ್ಟರು ಊತಕ್ಕೆ ಔಷಧ ಶುರು ಮಾಡಿದರು, ಹಳೆಯ ಮಾತ್ರೆಗಳನ್ನು ನೋಡಿಕೊಂಡು ಒಂದೊಂದಾಗಿ ಮರಳಿ ಕೊಟ್ಟರು. ತಿಂಗಳು ಕಳೆಯುವುದರೊಳಗೆ ಕಾಲು ಇಳಿಯಿತು, ರಕ್ತದ ಕಸ ಇಳಿಯಿತು. ಮೊದಲಿನ ಜಾಗಕ್ಕೆ ಬರಲಿಲ್ಲ, ಬರುವುದೂ ಇಲ್ಲ. ಆದರೆ ಡಯಾಲಿಸಿಸ್ ಮಾತು ಸದ್ಯಕ್ಕೆ ಇಲ್ಲ. ಈ ನಡುವೆ ಗಡಿಯಾರದವರು ಹಣ್ಣು ಹಿಡಿದುಕೊಂಡು ನೋಡಲು ಬಂದು, ತಲೆ ತಗ್ಗಿಸಿ, ತಾವು ಒಂದು ದಿನವೂ ಮಾತ್ರೆ ಬಿಟ್ಟಿರಲಿಲ್ಲ ಎಂದು ಒಪ್ಪಿಕೊಂಡರು. ಹೆಂಡತಿ ಎದುರಿಗೆ ನಿಂತು ನುಂಗಿಸುತ್ತಿದ್ದಳಂತೆ. ಅವರ ಕಿಡ್ನಿಗೆ ಏನೂ ಆಗಿರಲಿಲ್ಲ. ಇವರಿಗೆ ಬಂದ ಕೋಪ ನೋಡಬೇಕಿತ್ತು. ಮಾಡಿದ ಪ್ರಯೋಗವನ್ನೆಲ್ಲ ಕೆಡಿಸಿದೆಯಲ್ಲಯ್ಯ ಎಂದು ಹಾಸಿಗೆಯಿಂದಲೇ ಬೈದರು. ನಾನು, ಕೆಟ್ಟಿಲ್ಲ, ಮಾತ್ರೆ ನುಂಗಿದವರು ಚೆನ್ನಾಗಿದ್ದಾರೆ, ಬಿಟ್ಟವರು ಮಲಗಿದ್ದಾರೆ, ಇದಕ್ಕಿಂತ ಪ್ರಯೋಗ ಬೇಕೇ ಎಂದೆ. ಸೊಸೆ ನನ್ನನ್ನೂ ಬಿಡಲಿಲ್ಲ. ಇಬ್ಬರನ್ನು ನೋಡಿ ಅದನ್ನೂ ಹೇಳುವ ಹಾಗಿಲ್ಲ ಅತ್ತೆ, ಮಾತ್ರೆಯ ವಿಷಯವನ್ನು ಸಾವಿರಾರು ಜನರಲ್ಲಿ ನೋಡಿ ಆಮೇಲೆ ಹೇಳಿದ್ದಾರೆ ಎಂದಳು. ಸತ್ಯ ಹೇಳುವುದರಲ್ಲಿ ಅವಳಿಗೆ ಮಾವನೂ ಇಲ್ಲ, ಅತ್ತೆಯೂ ಇಲ್ಲ.

ಮನೆಗೆ ಬಂದ ಮೇಲೆ ಒಂದು ದಿನ ಇವರು ಅವಳನ್ನು ಪಕ್ಕಕ್ಕೆ ಕರೆದು, ನಿಜ ಹೇಳು, ನಿನ್ನ ಸಿಪ್ಪೆ ನನ್ನೊಳಗೆ ಸ್ವಲ್ಪವಾದರೂ ಕೆಲಸ ಮಾಡಿತ್ತಾ ಎಂದು ಕೇಳಿದರು. ಪಾಪ, ಮುಖದಲ್ಲಿ ಅಷ್ಟು ಆಸೆ ಇತ್ತು. ಮಾಡಿರಬಹುದು ಎಂದುಬಿಡಬಾರದೇ ಎಂದು ನನಗೇ ಅನಿಸಿತು.

"ಗೊತ್ತಿಲ್ಲ ಮಾವ" ಎಂದಳು. "ಒಳ್ಳೇದು ಮಾಡಿತೋ, ಆ ಊತ ತಂದಿದ್ದೇ ಅದೋ, ಅದೂ ಗೊತ್ತಿಲ್ಲ. ಇಲಿಗಳಲ್ಲಿ ನೋಡಿದ್ದಷ್ಟೇ ನಂಗೆ ಗೊತ್ತಿರೋದು."

ಇವರು ಆ ದಿನವೆಲ್ಲ ಮಂಕಾಗಿದ್ದರು. ನನಗೆ ಹೆದರಿಕೆಯಾಗಿದ್ದು ಆಗಲೇ. ಇವರು ಅಂಗಡಿಗೆ ಬಂದವರಿಗೆಲ್ಲ ಸಿಪ್ಪೆಯ ಮಹಿಮೆ ಹೇಳಿ ಕಳಿಸಿದ್ದರು. ಈಗ ಮುಖ ಉಳಿಸಿಕೊಳ್ಳಲು ಮತ್ತೆ ಅದನ್ನೇ ಹೇಳಿದರೆ? ಬೀದಿಯಲ್ಲಿ ಇನ್ನೆಷ್ಟು ಗುಂಡಿಯ ಡಬ್ಬಿಗಳಿವೆಯೋ ಯಾರಿಗೆ ಗೊತ್ತು.

ಅಂಗಡಿ ತೆರೆದ ವಾರದಲ್ಲೇ ಒಬ್ಬರು ಬಂದರು, ದಪ್ಪನೆಯ ಮನುಷ್ಯ, ಹಳೆಯ ಗಿರಾಕಿ. ಸೊಂಟದ ಅಳತೆ ಕೊಡುತ್ತಾ ಗೋಡೆಯ ಚೌಕಟ್ಟು ತೋರಿಸಿ, ನನಗೂ ಸಕ್ಕರೆ ಬಂದಿದೆ, ಆ ಸಿಪ್ಪೆ ಹೇಗೆ ಕುದಿಸುವುದು, ದಿನಕ್ಕೆ ಎಷ್ಟು ಲೋಟ ಎಂದು ಕೇಳಿದರು. ನನ್ನ ಸೂಜಿ ನಿಂತಿತು. ಇವರು ಟೇಪನ್ನು ಕೊರಳಿಗೆ ಹಾಕಿಕೊಂಡು ನೆಟ್ಟಗೆ ನಿಂತರು, ಎದೆ ಹಿಂದಿನಷ್ಟೇ ಉಬ್ಬಿತು.

"ಅದು ಮನುಷ್ಯರಿಗೆ ಆಗುತ್ತೋ ಇಲ್ವೋ ನನ್ನ ಸೊಸೆಗೇ ಇನ್ನೂ ಗೊತ್ತಿಲ್ಲ" ಎಂದರು. "ಅವಳಿಗೇ ಗೊತ್ತಿಲ್ಲ ಅಂದ್ಮೇಲೆ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಅವಳು ಹೇಳೋ ತನಕ ಮಾತ್ರೆ ನುಂಗಿ."